ಆ ಗಿಡ್ಡ ಕಾರು ಬಂದ ದಾರಿ

ಬಸ್ಸು ಮೊದಲು ಬಂತು, ಕಾರು ಆಮೇಲೆ ಬಂತು. ಅಪ್ಪನ ಸಂಶಯ ಹುಟ್ಟಿದ್ದು ಅಲ್ಲಿ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಬರೆದು ನಾನು ಬಾಗಲಕೋಟೆಯ ಮನೆಗೆ ಬಂದಿದ್ದೆ. ಇಳಕಲ್ಲಿನ ಸೀರೆ ವ್ಯಾಪಾರಿಗಳ ಮನೆಯವರು ಅಕ್ಕನನ್ನು ನೋಡಲು ಬರುವ ದಿನ. ಹುಡುಗನ ತಾಯಿ ಬೆಳಗಿನ ಬಸ್ಸಿಗೆ ಹೊರಟಿದ್ದರು. ಹುಡುಗ ಮತ್ತು ಅವನ ಸೋದರಮಾವ ಅದೇ ಹೊತ್ತಿಗೆ ಕಾರಿನಲ್ಲಿ ಹೊರಟಿದ್ದರು. ಆ ಕಾರಿನಲ್ಲಿ ಇಬ್ಬರಿಗಷ್ಟೇ ಜಾಗ. ಹುನಗುಂದದಲ್ಲಿ ನಿಂತು, ಅಮೀನಗಡದಲ್ಲಿ ನಿಂತು, ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡು ಬಂದ ಬಸ್ಸಿನಿಂದ ಆ ತಾಯಿ ಇಳಿದು ನಮ್ಮ ಮನೆಗೆ ಬಂದರು, ಕೈಕಾಲು ತೊಳೆದರು, ಚಹಾ ಕುಡಿದರು. ಕಾರಿನ ಸುಳಿವಿಲ್ಲ. ಅವ್ವ ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು, ಮತ್ತೆ ಮುಚ್ಚಿದಳು. ಎರಡನೇ ಸಲ ಚಹಾ ಕುದ್ದ ಮೇಲೆ ಓಣಿಯ ತುದಿಯಲ್ಲಿ ಸದ್ದು ಕೇಳಿತು.

ಸದ್ದಿಗೆ ತಕ್ಕ ಗಾತ್ರ ಆ ಕಾರಿಗಿರಲಿಲ್ಲ. ಗಾಢ ಹಸಿರು ಬಣ್ಣ, ಮೇಲೆ ಮಡಚಿಡಬಹುದಾದ ಬಟ್ಟೆಯ ಹೊದಿಕೆ, ಮುಂದೆ ಉದ್ದನೆಯ ಮೂಗು. ಮುಂಬಯಿಯಲ್ಲಿ ಯಾರೋ ಊರು ಬಿಡುವಾಗ ಮಾರಿದ ವಿಲಾಯತಿ ಕಾರಂತೆ. ಎದುರು ಮನೆಯ ಎಮ್ಮೆ ತಲೆ ತಗ್ಗಿಸಿ ಅದರೊಳಗೆ ನೋಡಿತು. ಹೀಗೆ ಬರೆದ ಮೇಲೆ ಒಂದು ಮಾತು ಹೇಳಬೇಕು. ಎಮ್ಮೆ ನೋಡಿದ್ದು ನನಗೆ ನೆನಪಿದೆಯೋ, ಅವ್ವ ಹೇಳಿ ಹೇಳಿ ನೆನಪಾಗಿದೆಯೋ ಗೊತ್ತಿಲ್ಲ. ಅವತ್ತಿನ ನನ್ನ ದಿನಚರಿಯಲ್ಲಿ ಸೆಕೆಯ ವಿಷಯ ಬಿಟ್ಟರೆ ಏನೂ ಇಲ್ಲ.

"ನೀವ್ಯಾಕ ಕಾರಿನ್ಯಾಗ ಬರಲಿಲ್ರಿ?" ಎಂದು ಅವ್ವ ಹುಡುಗನ ತಾಯಿಯನ್ನು ಕೇಳಿದಳು.

"ಒಮ್ಮೆ ಕುಂತಿದ್ದೆ ತಂಗಿ. ಅದು ಕುರ್ಚಿ ಅಲ್ಲ, ನೆಲಾನ. ಏಳಾಕ ಇಬ್ಬರು ಬೇಕಾತು. ದಾರ್ಯಾಗ ಸೆರಗ ಹಾರಿ, ಲಾರಿ ಡ್ರೈವರ್‌ಗ ನನ್ನ ಬಿಳಿ ಕೂದಲೆಲ್ಲಾ ಕಂಡ್ವು. ಮ್ಯಾಲಿಂದ ನೋಡಿ ನಕ್ಕ ಅಂವ. ಅವತ್ತ ಬಿಟ್ಟೆ."

ಅಪ್ಪ ರಸ್ತೆ ಕೆಲಸದ ಓವರ್ಸಿಯರ್. ಅಮೀನಗಡದ ಈಚೆ ಒಂದು ಹಳ್ಳಕ್ಕೆ ಮೋರಿ ಕಟ್ಟಿಸುವ ಕೆಲಸ ಆಗ ಅವರ ಕೈಯಲ್ಲೇ ಇತ್ತು. ರಸ್ತೆ ಅಗೆದು, ವಾಹನಗಳಿಗೆ ಪಕ್ಕದಲ್ಲಿ ಹಳ್ಳದೊಳಗೆ ಇಳಿದು ಹತ್ತುವ ದಾರಿ ಮಾಡಿದ್ದರು. ಹತ್ತುವಲ್ಲಿ ಖಡಿಕಲ್ಲು ಮತ್ತು ಗರಸುಮಣ್ಣು ಸುರಿದ ಒಂದು ದಿಬ್ಬ. ಬಸ್ಸು, ಲಾರಿ, ಜೀಪು ದಾಟುತ್ತಿದ್ದವು. ಹುಡುಗ ಕಾರಿನಿಂದ ಏಳುವಾಗ, ಅಂದರೆ ಮೊದಲು ಕಾಲು ಹೊರಗಿಟ್ಟು ಆಮೇಲೆ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವಾಗ, ಅಪ್ಪ ಕೇಳಿದರು:

"ಯಾವ ದಾರೀಲೆ ಬಂದ್ರಿ?"

"ಸೀದಾ ಅಮೀನಗಡದ ಮ್ಯಾಲೆ ಬಂದ್ವಿರಿ. ನಿಮ್ಮ ಹಳ್ಳದಾಗ ತಡ ಆತು. ಕಾರಿನ ಹೊಟ್ಟಿ ದಿಬ್ಬಕ್ಕ ಕುಂತಬಿಡ್ತು. ನಿಮ್ಮ ಗ್ಯಾಂಗಿನ ಮಂದೀನ ಎತ್ತಿ ದಾಟಿಸಿದ್ರು."

"ಹೌದಾ," ಎಂದರು ಅಪ್ಪ. ಕಂಟ್ರಾಕ್ಟರುಗಳು ಸಿಮೆಂಟಿನ ಲೆಕ್ಕ ಹೇಳಿದಾಗ ಅವರು ಹೀಗೆಯೇ ಅನ್ನುತ್ತಿದ್ದರು.

ಸಂಶಯಕ್ಕೆ ಬೇರೆ ಕಾರಣವೂ ಇತ್ತು. ಸಂಬಂಧ ತಂದವರು ಮಾತಿನ ಭರದಲ್ಲಿ, ಬಾದಾಮಿಯಲ್ಲೂ ಒಂದು ಮನೆಯವರು ಇದೇ ಹುಡುಗನನ್ನು ಕೇಳುತ್ತಿದ್ದಾರೆಂದು ಅಂದಿದ್ದರು. ಅಮೀನಗಡದಿಂದ ಬಾಗಲಕೋಟೆಗೆ ಎರಡು ದಾರಿ. ಒಂದು, ಹಳ್ಳ ದಾಟಿ ಬರುವ ನೇರ ದಾರಿ. ಇನ್ನೊಂದು, ಪಟ್ಟದಕಲ್ಲಿನ ಕಡೆ ಹೊರಳಿ ಬಾದಾಮಿಯ ಮೇಲೆ ಸುತ್ತಿ ಬರುವ ದಾರಿ. ಕಾರು ಎರಡನೆಯದರಲ್ಲಿ ಬಂದಿದ್ದರೆ ತಡವಾದದ್ದಕ್ಕೆ ಅರ್ಥ ಒಂದೇ. ಬೆಳಿಗ್ಗೆ ಬಾದಾಮಿಯ ಹುಡುಗಿಯನ್ನು ನೋಡಿ, ಅಲ್ಲಿ ತಿಂಡಿ ತಿಂದು, ಆಮೇಲೆ ಇಲ್ಲಿಗೆ ಬಂದಿದ್ದಾರೆ. ಒಂದೇ ದಿನ ಎರಡು ಮನೆಯ ಉಪ್ಪಿಟ್ಟು ತಿಂದವರಿಗೆ ಅಪ್ಪ ಮಗಳನ್ನು ಕೊಡುವವರಲ್ಲ. ಹುಡುಗನ ಸೋದರಮಾವ ಕೈಗಿತ್ತ ಅಮೀನಗಡದ ಕರದಂಟಿನ ಪೊಟ್ಟಣವನ್ನೂ ಅವರು ತಿರುಗಿಸಿ ನೋಡಿದರು. ಅದರಿಂದ ಏನೂ ತಿಳಿಯುವಂತಿರಲಿಲ್ಲ, ಎರಡೂ ದಾರಿಗೆ ಅಮೀನಗಡ ಬೇಕೇ ಬೇಕು.

ಅಕ್ಕ ತಾಟು ಹಿಡಿದು ಬಂದಳು. ಹುಡುಗನ ತಾಯಿ ರೊಟ್ಟಿ ಬಡಿಯಲು ಬರುತ್ತದೆಯೇ, ಎಷ್ಟು ಓದಿದ್ದೀ ಎಂದು ಕೇಳಿದರು. ಹುಡುಗನಿಗೂ ಏನಾದರೂ ಕೇಳು ಎಂದಾಗ ಅವನು, "ಕಾರ್ ನಡಸಾಕ ಬರತೈತೇನ್ರಿ?" ಎಂದ. ಎಲ್ಲರೂ ನಕ್ಕರು. ಅಕ್ಕ ತಲೆ ಎತ್ತದೆ, "ಕಲಿಸಿದ್ರ ಬರತೈತ್ರಿ," ಎಂದಳು. ಆಮೇಲೆ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದು ಹೇಳಿದಳು:

"ಅಪ್ಪನ ಮಾರಿ ನೋಡಿದಿ? ಹೋದ ವರ್ಷ ಒಬ್ಬರ ಚಪ್ಪಲಿ ನೋಡಿ ಸಾಲಗಾರರು ಅಂತ ಬಿಟ್ಟ. ಇನ್ನೊಬ್ಬರು ಭಾಳ ನಗತಾರ ಅಂತ ಬಿಟ್ಟ. ಈ ಸಂಬಂಧನೂ ಹೋತಂದ್ರ ನಾ ಇನ್ನ ತಾಟ ಹಿಡದ ಬರಾಂಗಿಲ್ಲ."

"ನಿನಗ ಹುಡುಗ ಪಸಂದ್ ಅದಾನ?"

"ಕಾರಿನ್ಯಾಗ ಕೂಡಾಕ ಬರತೈತೇನು ಅಂತ ಕೇಳಲಿಲ್ಲ. ನಡಸಾಕ ಬರತೈತೇನು ಅಂತ ಕೇಳಿದ."

ಉಪ್ಪಿಟ್ಟು ತಿಂದು ಹಿರಿಯರು ಪಡಸಾಲೆಯಲ್ಲಿ ಒರಗಿದರು. ಧೂಳು ಏಳಬಾರದೆಂದು ಅಕ್ಕ ಬಾಗಿಲ ಮುಂದೆ ನೀರು ಹೊಡೆದು ಬಂದಳು. ಅವ್ವ, "ಹೊಸ ಸೀರಿ ಉಟಗೊಂಡು ಇದೇನ ಕೆಲಸ ನಿಂದು," ಎಂದು ಬೈದಳು. ಅಪ್ಪ ಚರ್ಮದ ಡಬ್ಬಿಯ ಟೇಪು ತೆಗೆದುಕೊಂಡು ಹೊರಗೆ ಹೋದರು. ಇನ್ನೊಂದು ತುದಿ ಹಿಡಿಯಲು ನಾನು.

ಜಗತ್ತಿನ ಯಾವ ಅನುಮಾನವನ್ನಾದರೂ ಅಳೆದು ತೀರಿಸಬಹುದೆಂದು ಅಪ್ಪ ನಂಬಿದ್ದರು. ಇಲಾಖೆ ಮೀಟರ್ ಅಳತೆಗೆ ಬದಲಾಗಿ ವರ್ಷಗಳಾಗಿದ್ದರೂ ಸಂಶಯ ಬಂದಾಗ ಅವರು ಅಡಿ, ಇಂಚಿಗೇ ಮರಳುತ್ತಿದ್ದರು. ಕಾರಿನ ಅಗಲ ಅಳೆದರು. ಎತ್ತಿನ ಬಂಡಿಯ ಗಾಲಿಗಳ ನಡುವಿನ ಅಂತರಕ್ಕಿಂತ ಈ ಕಾರಿನ ಗಾಲಿಗಳ ಅಂತರ ಕಡಿಮೆ. ಅಂದರೆ ಹಳ್ಳಿಯ ದಾರಿಗಳಲ್ಲಿ ಬಂಡಿ ಕೊರೆದ ಎರಡು ಜಾಡುಗಳಿಗೂ ಇದರ ಗಾಲಿಗಳು ಒಟ್ಟಿಗೆ ಇಳಿಯುವುದಿಲ್ಲ. ಒಂದು ಗಾಲಿ ಜಾಡಿನಲ್ಲಿ, ಇನ್ನೊಂದು ನಡುವಿನ ಏರಿನಲ್ಲಿ. ಕಾರು ಒಂದು ಮಗ್ಗುಲಿಗೆ ವಾಲಿಕೊಂಡೇ ಹೋಗಬೇಕು. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಅಳೆದರು. ಕೊನೆಗೆ ಮಂಡಿಯೂರಿ, ಗಲ್ಲ ನೆಲಕ್ಕೆ ತಾಗುವಷ್ಟು ಬಗ್ಗಿ, ಬಾಗಿಲ ಕೆಳಗಿನ ಅಂಚಿಗೂ ನೆಲಕ್ಕೂ ನಡುವೆ ಕೈಯಿಟ್ಟರು. ಟೇಪು ಬೇಕಾಗಲಿಲ್ಲ. ಒಂದು ಗೇಣೂ ಇರಲಿಲ್ಲ.

"ಖಡಿ ದಿಬ್ಬ ಇದಕ್ಕಿಂತ ಎತ್ತರ ಐತಿ," ಎಂದರು. "ಮುಂದಿನ ಗಾಲಿ ಇಳದು ಹಿಂದಿನ ಗಾಲಿ ಹತ್ತೂದ್ರಾಗ ಹೊಟ್ಟಿ ಕೂಡತೈತಿ. ದಾಟಾಕ ಸಾಧ್ಯ ಇಲ್ಲ."

"ಎತ್ತಿದ್ರಂತಲ್ಲ."

"ಕಾರ್ ಎತ್ತತಾರ? ನಮ್ಮ ಗ್ಯಾಂಗಿನವರು ಬುಟ್ಟಿ ಎತ್ತಂದ್ರ ಹತ್ತ ಸಲ ಹೇಳಸ್ಕೋತಾರ."

ಅಷ್ಟರಲ್ಲಿ ಹುಡುಗ ಹೊರಗೆ ಬಂದ. ಹೆಣ್ಣಿನ ತಂದೆ ತನ್ನ ಕಾರಿನ ಕೆಳಗೆ ತಲೆ ಹಾಕಿದ್ದನ್ನು ಕಂಡು ಅವನಿಗೆ ಸಿಟ್ಟು ಬರಲಿಲ್ಲ. ಅದು ನನಗೆ ಇನ್ನಷ್ಟು ಸಂಶಯ ತಂದಿತು. "ಬಂಪರ್ ಮ್ಯಾಲೆ ಭಾರ ಹಾಕಬ್ಯಾಡ್ರಿ," ಎಂದನಷ್ಟೇ, "ಕೈಯಾಗ ಬರತೈತಿ." ಆಮೇಲೆ ನನಗೆ, "ಬರ್ರಿ, ಒಂದು ಸುತ್ತು ಹೋಗೂಣು," ಎಂದ. ಅಪ್ಪ ಕಣ್ಣಲ್ಲೇ ಹೋಗೆಂದರು. ನಾನು ಬೇಕಂತಲೇ ಬಾದಾಮಿಯ ರಸ್ತೆ ತೋರಿಸಿದೆ.

ನಮ್ಮ ಓಣಿಯಲ್ಲಿ ಜೀಪು ತಿರುಗಬೇಕಾದರೆ ಹಿಂದೆ ಮುಂದೆ ಮಾಡಬೇಕಿತ್ತು. ಈ ಕಾರು ಗಿಡ್ಡವಾದ್ದರಿಂದ ಒಂದೇ ಏಟಿಗೆ ತಿರುಗಿತು. ಆದರೆ ಮೂಲೆ ಬಂದಾಗ ಕಷ್ಟ. ನಾವು ಕುಳಿತದ್ದು ಹೆಚ್ಚು ಕಡಿಮೆ ಹಿಂದಿನ ಗಾಲಿಗಳ ಮೇಲೆ; ಅಡ್ಡ ಓಣಿ ನಮ್ಮ ಕಣ್ಣಿಗೆ ಬೀಳುವ ಮೊದಲೇ ಕಾರಿನ ಮೂಗು ಅರ್ಧ ಓಣಿ ದಾಟಿರುತ್ತಿತ್ತು. ಅವನು ಪ್ರತಿ ಮೂಲೆಯಲ್ಲೂ ಹಾರ್ನ್ ಒತ್ತಿ, ಮೂಗನ್ನು ಮೆಲ್ಲಗೆ ಹೊರಗೆ ಚಾಚುತ್ತಿದ್ದ. ಗಟಾರದ ಏರನ್ನು ನೇರವಾಗಿ ಹತ್ತದೆ ಓರೆಯಾಗಿ ಹತ್ತಿಸಿದ, ಒಂದೊಂದೇ ಗಾಲಿ, ಹೊಟ್ಟೆ ತಾಗದ ಹಾಗೆ.

ಊರು ದಾಟಿದ ಮೇಲೆ ಕಾರು ಬೇರೆಯೇ ಆಯಿತು. ನಾನು ಅಲ್ಲಿಯವರೆಗೆ ಕುಳಿತಿದ್ದ ಕಾರುಗಳೆಲ್ಲ ತಿರುವಿನಲ್ಲಿ ದೋಣಿಯ ಹಾಗೆ ವಾಲುತ್ತಿದ್ದವು, ಒಳಗಿದ್ದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಇದು ನೆಲಕ್ಕೆ ಅಂಟಿಕೊಂಡು ತಿರುಗಿತು. ಅವನು ಸ್ಟೇರಿಂಗನ್ನು ಎರಡು ಬೆರಳಷ್ಟು ಎಳೆದರೆ ಸಾಕು, ಮೂಗು ಹೊರಳುತ್ತಿತ್ತು. ಕೈ ಕೆಳಗೆ ಬಿಟ್ಟರೆ ರಸ್ತೆ ಮುಟ್ಟುತ್ತೇನೆ ಅನ್ನಿಸಿತು. ಎದುರು ಬಂದ ಲಾರಿಯ ಗಾಲಿ ನನ್ನ ಕಣ್ಣಿನ ಎತ್ತರಕ್ಕಿತ್ತು. ಅದರ ಚಾಲಕನಿಗೆ ನಾವು ಕಂಡೆವೋ ಇಲ್ಲವೋ. ಮುಂದಿನ ಗಾಲಿ ಬಿದ್ದ ಗುಂಡಿಗೆ ಹಿಂದಿನದೂ ತಕ್ಷಣ ಬೀಳುತ್ತಿತ್ತು, ನಡುವೆ ಉಸಿರಾಡಲು ಬಿಡುವಿಲ್ಲ. ಬೆನ್ನುಮೂಳೆಗೆ ಎರಡೆರಡು ಪೆಟ್ಟು.

ಆಗಲೇ ನಾನು ಅದನ್ನು ಗಮನಿಸಿದ್ದು. ಒಂದು ಕಡೆ ಅವನು ಇದ್ದಕ್ಕಿದ್ದಂತೆ ವೇಗ ಇಳಿಸಿದ. ಮುಂದೆ ರಸ್ತೆಯಲ್ಲಿ ಒಂದು ತಗ್ಗು ಬಂತು. ಅಷ್ಟು ಕೆಳಗೆ ಕುಳಿತವನಿಗೆ, ಅಷ್ಟು ಉದ್ದ ಮೂಗಿನ ಹಿಂದಿನಿಂದ, ಆ ತಗ್ಗು ಕಾಣಿಸುವುದು ಶಕ್ಯವಿರಲಿಲ್ಲ. ಹಾಗಾದರೆ ಅವನಿಗೆ ಅದು ಮೊದಲೇ ಗೊತ್ತಿತ್ತು. ಅವತ್ತೇ ಬೆಳಿಗ್ಗೆ ಆ ರಸ್ತೆಯಲ್ಲಿ ಬಂದವನಿಗೆ ಮಾತ್ರ ಅಷ್ಟು ಚೆನ್ನಾಗಿ ಗೊತ್ತಿರುತ್ತದೆ, ಅಂದುಕೊಂಡೆ. ಮನೆಗೆ ಬಂದು ಅಪ್ಪನಿಗೆ ಅದನ್ನೇ ಹೇಳಿದೆ. ವ್ಯಾಪಾರಕ್ಕೆಂದು ಅವನು ವರ್ಷಕ್ಕೆ ಎಷ್ಟೋ ಸಲ ಬಾದಾಮಿಗೆ ಹೋಗುತ್ತಿದ್ದಿರಬಹುದು ಎಂಬುದು ಆಗ ಹೊಳೆಯಲಿಲ್ಲ. ಅವನು ವೇಗ ಇಳಿಸಿದ್ದು ತಗ್ಗಿಗಿಂತ ಮೊದಲೋ, ತಗ್ಗು ಬಡಿದ ಮೇಲೋ ಎಂದು ಈಗ ಕೇಳಿದರೆ ಆಣೆ ಇಟ್ಟು ಹೇಳಲಾರೆ.

ಅಪ್ಪನಿಗೆ ಅಷ್ಟು ಸಾಕಾಯಿತು. ಆದರೂ ಅವರು ನ್ಯಾಯವಂತರು. ಗ್ಯಾಂಗಿನವರನ್ನು ಮುಖಾಮುಖಿ ಕೇಳಿಯೇ ತೀರ್ಮಾನ ಎಂದರು. ಹುಡುಗನ ತಾಯಿಗೆ ಸಂಜೆಯ ಬಸ್ಸು ಅಮೀನಗಡದಲ್ಲಿ ಸಿಗುತ್ತದೆ, ತಮಗೂ ಕೆಲಸ ನೋಡುವುದಿದೆ, ಅಲ್ಲಿಯವರೆಗೆ ಇಲಾಖೆಯ ಜೀಪಿನಲ್ಲಿ ಬರಲಿ ಎಂದು ಏರ್ಪಾಡು ಮಾಡಿದರು. ಅವರ ಜೊತೆಗೆ ಅಕ್ಕನೂ ನಾನೂ ಕೂಡಬೇಕು ಎಂದರು.

"ನಿಶ್ಚಯ ಆಗದ ಹುಡುಗೀನ ದಾರಿ ಮ್ಯಾಲೆ ಕರಕೊಂಡ ಹೊಂಟೀರಲ್ಲ," ಎಂದಳು ಅವ್ವ.

"ಕೆಳಗ ಇಳ್ಯಾಂಗಿಲ್ಲ ಆಕಿ. ಜೀಪಿನ್ಯಾಗ ಕುಂತ ತನ್ನ ಕಣ್ಣಲೆ ನೋಡ್ಲಿ. ನಾಳೆ ಅಪ್ಪ ಮುರದಾ ಅನ್ನಬಾರದು."

ಕಾರು ಮುಂದೆ, ಜೀಪು ಹಿಂದೆ. ಅಪ್ಪ ಡ್ರೈವರನ ಪಕ್ಕದಲ್ಲಿ. ನಾವು ಮೂವರು ಹಿಂದೆ, ಎದುರುಬದುರು ಬೆಂಚಿನಲ್ಲಿ, ತಾಡಪತ್ರಿಯ ಹೊದಿಕೆಯ ಕೆಳಗೆ. ಹುಡುಗನ ತಾಯಿ ಜೀಪಿನ ಎತ್ತರವನ್ನು ದಾರಿಯುದ್ದಕ್ಕೂ ಹೊಗಳಿದರು. ಹಳ್ಳ ಬಂತು. ಎರಡೂ ನಿಂತವು. ಅಪ್ಪ ಇಳಿದು ಹೋದರು. ಗ್ಯಾಂಗಿನ ಮುಕಾದಮನ ದನಿ ಕೇಳಿತು.

"ಮುಂಜಾನೆ ಈ ಕಾರ್ ಎತ್ತಿ ದಾಟಿಸಿದ್ರೇನು?"

"ಇಲ್ರಿ ಸಾಹೇಬ್ರ."

"ಯಾರೂ ಇಲ್ಲ?"

"ಯಾಕ ಎತ್ತೂಣ್ರಿ. ನಾವು ಖಡಿ ಹಾಸಾಕತ್ತಿದ್ವಿ. ಕೆಲಸ ಬಿಟ್ಟು ಎಲ್ಲಿ ಹೋಗ್ತೀವ್ರಿ ನಾವು."

ಹುಡುಗ ವಾದ ಮಾಡಲಿಲ್ಲ. "ಈಗರ ಒಂದಿಷ್ಟ ಕೈ ಹಚ್ಚರಪಾ," ಎಂದ. ಹತ್ತಾರು ಜನ ಬಂದು ಎರಡೂ ಮಗ್ಗುಲಿಗೆ ನಿಂತರು. ಬಾಗಿಲ ಕೆಳಗಿನ ದಪ್ಪ ಅಂಚಿಗೆ ಕೈ ಹಾಕಿ, ಒಂದೇ ದನಿಯಲ್ಲಿ ಹಾಂ ಎಂದು ಎತ್ತಿ, ಹೊಟ್ಟೆ ತಾಗದಂತೆ ದಿಬ್ಬ ದಾಟಿಸಿದರು. ಮಂಚ ಎತ್ತಿಟ್ಟಷ್ಟು ಹೊತ್ತೂ ಆಗಲಿಲ್ಲ.

ಅಮೀನಗಡದಲ್ಲಿ ತಾಯಿಯನ್ನು ಬಸ್ಸಿಗೆ ಹತ್ತಿಸಿ ನಾವು ಹಿಂದಿರುಗಿದೆವು. ಅಪ್ಪ ಮುಂದಿನ ಸೀಟಿನಿಂದ ತಿರುಗದೆಯೇ ಹೇಳಿದರು, "ಸುಳ್ಳ ಹೇಳ್ಯಾನ. ಬಾದಾಮಿ ಮ್ಯಾಲೆ ಬಂದಾನ."

ಅಕ್ಕ ಬೆಂಚಿನಿಂದ ಮುಂದಕ್ಕೆ ಬಗ್ಗಿ, "ಅಪ್ಪಾ, ಅವರು ಹಿಡದದ್ದು ನೋಡಿದಿ?" ಎಂದಳು.

"ಏನು?"

"ಬಂಪರ್‌ಗ ಒಬ್ಬರೂ ಕೈ ಹಚ್ಚಲಿಲ್ಲ. ಎಲ್ಲಿ ಹಿಡೀಬೇಕು ಅಂತ ಕೇಳಲೂ ಇಲ್ಲ. ಹೊಸಬರಾದ್ರ ಮೊದಲ ಬಂಪರ್ ಹಿಡೀತಿದ್ರು, ಮುರೀತಿದ್ರು. ಮುಂಜಾನೆ ಎತ್ತಿದ ಕೈ ಅವು. ಕೆಲಸ ಬಿಟ್ಟದ್ದಕ್ಕ ಬೈತೀ ಅಂತ ಇಲ್ಲ ಅಂದಾರ."

ಜೀಪು ಎಷ್ಟೋ ದೂರ ಬಂತು. ಅಪ್ಪ ಅಳೆದದ್ದೆಲ್ಲ ಸರಿಯಿತ್ತು, ಆದರೆ ಕಾರನ್ನು ಎತ್ತಬಹುದು ಎಂಬುದನ್ನು ಅಳತೆಯಲ್ಲಿ ಸೇರಿಸಿರಲಿಲ್ಲ. ಮನೆಗೆ ಬಂದು ಟೇಪನ್ನು ಗೂಡಿನಲ್ಲಿಟ್ಟು ಅವ್ವನಿಗೆ, "ಗ್ಯಾಂಗಿನವರು ಸುಳ್ಳ ಹೇಳತಾರ. ನಾಳೆ ಇಳಕಲ್ಲಿಗೆ ಹೇಳಿ ಕಳಸೂಣು," ಎಂದರು.

ಅಕ್ಕನ ಮದುವೆಯಾಯಿತು. ಅವಳು ಆ ಕಾರು ನಡೆಸಲು ಕಲಿತಳು. ಗಿಡ್ಡ ಆಳು ಅವಳು. ಬೇರೆ ಕಾರುಗಳಲ್ಲಿ ಬೆನ್ನ ಹಿಂದೆ ಲೋಡುದಿಂಬು ಇಟ್ಟುಕೊಂಡರೂ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ, ಇದರಲ್ಲಿ ಎಟುಕುತ್ತಿತ್ತು. ಸೆರಗನ್ನು ತಲೆಯ ಮೇಲಿನಿಂದ ತಂದು ಕೊರಳಿಗೆ ಒಂದು ಸುತ್ತು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಮೂಗು ಚಾಚಿ ಚಾಚಿ ಹೋಗುತ್ತಿದ್ದಳು. ಮಳೆಗಾಲದಲ್ಲಿ ಕಾರು ಮನೆಯಲ್ಲೇ. ಕರಿಮಣ್ಣಿನಲ್ಲಿ ಹೊಟ್ಟೆ ಹೂತರೆ ಎತ್ತಲು ಯಾವ ಗ್ಯಾಂಗೂ ಸಿಗುತ್ತಿರಲಿಲ್ಲ. ಮಕ್ಕಳಾದ ಮೇಲೆ ಎರಡು ಸೀಟು ಸಾಲದಾಗಿ ಅದನ್ನು ಮಾರಿದರು.

ಎಂಬತ್ತರ ದಶಕದ ನಡುವೆ ಒಂದು ಸಲ ನಾನು ಬಾದಾಮಿಗೆ ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಿರಿಯರೊಬ್ಬರು ನಾನು ಯಾರ ಪೈಕಿ ಎಂದು ತಿಳಿದು ನಕ್ಕರು. "ಆ ಗಿಡ್ಡ ಕಾರಿನವರ ಬೀಗರಲ್ಲಾ. ನಮ್ಮ ಮನಿಗೂ ಬಂದಿದ್ರು ಅವರು ಹುಡುಗಿ ನೋಡಾಕ. ಓಣ್ಯಾಗ ಕಲ್ಲ ಹಾಸಿತ್ತು, ಕಾರ್ ಹತ್ತಲಿಲ್ಲ. ಹೊಂಡದ ಕಡೆ ನಿಲ್ಲಿಸಿ ನಡಕೋತ ಬಂದ್ರು."

"ಯಾವಾಗ್ರಿ?"

"ಬ್ಯಾಸಿಗಿ. ಯಾವ ವರ್ಷ ಅಂತ ನೆನಪಿಲ್ರಿ."

ಹೋಳಿಗೆ ಎಲೆಯ ಮೇಲೆ ಹಾಗೇ ಉಳಿಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ಆ ಸಂಜೆಯ ಹಳ್ಳವನ್ನು ಮತ್ತೆ ಮತ್ತೆ ಕಣ್ಮುಂದೆ ತಂದುಕೊಂಡೆ. ಬಾಗಿಲ ಕೆಳಗಿನ ಅಂಚಿಗೆ ಬಿದ್ದ ಕೈಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. ಎಲ್ಲಿಂದ ಕಾಣುತ್ತಿದ್ದವು ಎಂದು ಕೇಳಿಕೊಂಡಾಗ ತಡೆದೆ. ಕಾರು ಜೀಪಿನ ಮುಂದಿತ್ತು. ನಾವು ಹಿಂದಿನ ಬೆಂಚಿನಲ್ಲಿದ್ದೆವು, ಇಳಿದಿರಲಿಲ್ಲ. ಎರಡೂ ಬದಿಗೆ ತಾಡಪತ್ರಿ. ಮುಂದಿನ ಗಾಜಿನಾಚೆ ನೋಡಿದರೂ, ಜೀಪಿನ ಬಾನೆಟ್ಟಿಗಿಂತ ತಗ್ಗಿನ ಆ ಕಾರು ದಿಬ್ಬದ ಬುಡದಲ್ಲಿ ಕಾಣುವುದಿಲ್ಲ. ಕಂಡರೂ ಸುತ್ತ ಜನ ಬಗ್ಗಿ ನಿಂತಿದ್ದಾರೆ. ಅಲ್ಲಿಂದ ನಮಗೆ ಕಂಡದ್ದು ನಾವು ದಾಟಿ ಬಂದ ರಸ್ತೆ ಮತ್ತು ಧೂಳು, ಅಷ್ಟೇ. ಮೇಲೆ ನಾನು ಅಷ್ಟು ವಿವರವಾಗಿ ಬರೆದ ಕೈಗಳು ಅಕ್ಕನ ಮಾತಿನಿಂದ ನನ್ನ ತಲೆಗೆ ಬಂದವು.

ಮುಂದಿನ ಸಲ ಇಳಕಲ್ಲಿಗೆ ಹೋದಾಗ, ಅಕ್ಕನ ಗಂಡ, ನಾನು ಮಾಮಾ ಅನ್ನುವವನು, ಅಂಗಡಿಗೆ ಹೋದ ಮೇಲೆ, ಅಕ್ಕನನ್ನು ಕೇಳಿದೆ. ಅವಳು ಶೇಂಗಾ ಬಿಡಿಸುತ್ತಿದ್ದಳು.

"ನಿನಗ ಆ ಕೈ ಖರೇನ ಕಂಡಿದ್ದುವೇನು?"

"ಜೀಪಿನ ಹಿಂದ ಕುಂತವರಿಗೆ ಏನ ಕಾಣತೈತಿ ನೀನ ಹೇಳು."

"ಮತ್ತ ಅಪ್ಪಗ ಹಂಗ ಅಂದ್ಯಲ್ಲ."

"ಬಂಪರ್ ಹಿಡೀಬ್ಯಾಡ್ರಿ ಅಂತ ಇವರು ಮಧ್ಯಾಹ್ನನ ಹೇಳಿದ್ರಲ್ಲ. ನಾ ಕಿಡಕ್ಯಾಗ ಇದ್ದೆ."

ಬಾದಾಮಿಯ ಹಿರಿಯರ ಮಾತು ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಹೋಗಿರಬಹುದು. ಅವತ್ತ ಹೋಗಿದ್ರೋ, ಅದರ ಹಿಂದಿನ ವಾರ ಹೋಗಿದ್ರೋ, ನಾ ಕೇಳಿಲ್ಲ. ಅವತ್ತ ಕಾರಿನ ಬಾಗಲದ ಕೆಳಗಿನ ಅಂಚಿಗೆಲ್ಲಾ ಕೆಂಪ ಮಣ್ಣ ಹತ್ತಿತ್ತು. ಅಷ್ಟ ತಗ್ಗ ಕಾರು, ಹೋದ ದಾರಿ ಮಣ್ಣೆಲ್ಲಾ ಬಳಕೊಂಡ ಬರತಿತ್ತು ಅದು."

"ಬಾದಾಮಿ ಮಣ್ಣು?"

"ಬಾದಾಮಿ ಮಣ್ಣೂ ಕೆಂಪು. ನಿಮ್ಮ ಹಳ್ಳದ ಗರಸೂ ಕೆಂಪು. ಆದ್ರ ಅಪ್ಪ ಅಷ್ಟೆಲ್ಲಾ ವಿಚಾರ ಮಾಡತಿದ್ದನೇನು? ಮಣ್ಣ ನೋಡಿದ್ನಂದ್ರ ಮುಗೀತು." ಕೈಯೊಳಗಿನ ಸಿಪ್ಪೆಯನ್ನು ಊದಿದಳು. "ಅವ ಟೇಪ ಹುಡಕಾಕ ಒಳಗ ಹೋಗಿದ್ದಾ. ನಾ ಒಂದು ಚರಿಗಿ ನೀರ ಹಾಕಿ ಒರಸಿ ಬಂದೆ."

ಮಾಮಾನನ್ನು ನಾನು ಯಾವತ್ತೂ ಕೇಳಲಿಲ್ಲ. ಅವನು ಏನು ಹೇಳಿದರೂ ನಂಬುವುದು ಕಷ್ಟವಾಗುತ್ತಿತ್ತು. ಅಕ್ಕನೂ ಕೇಳಿಲ್ಲ, ಅದು ಬೇರೆ ಕಾರಣಕ್ಕೆ. ಹೊಸ ಸೀರೆಯುಟ್ಟು ಬಾಗಿಲ ಮುಂದೆ ನೀರು ಹೊಡೆದದ್ದಕ್ಕೆ ಅವ್ವ ಬೈದಳೆಂದು ಮೇಲೆ ಬರೆದಿದ್ದೇನೆ. ಆ ಬೈಗುಳ ಅವತ್ತೇ ಕಿವಿಗೆ ಬಿದ್ದದ್ದೋ, ಇಳಕಲ್ಲಿನಲ್ಲಿ ಅಕ್ಕನ ಮಾತು ಕೇಳಿದ ಮೇಲೆ ನಾನೇ ಸೇರಿಸಿಕೊಂಡದ್ದೋ ತಿಳಿಯದು. ಅಪ್ಪ ಕಾರಿನ ಕೆಳಗಿನಿಂದ ಎದ್ದಾಗ ಅವರ ಮಂಡಿಯ ಮೇಲೆ ಒದ್ದೆ ಗುರುತುಗಳಿದ್ದವು ಎಂದೂ ಈಚೆಗೆ ನೆನಪಾಗುತ್ತಿದೆ. ಮೊದಲು ಆಗುತ್ತಿರಲಿಲ್ಲ.